ಸಮುದ್ರಕ್ಕಿಂತ ದಾರಿಯೇ ಜಾಸ್ತಿ ಇಷ್ಟವಾಯ್ತು

ತುಮಕೂರು
ಜನವರಿ

ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ್ದೆಲ್ಲ ಸಮುದ್ರದ ಬಗ್ಗೆ. ಅಲೆ ಹೇಗಿತ್ತು, ನೀರಿಗಿಳಿದ್ರಾ, ಫೋಟೋ ಕಳಿಸು ಅಂತ. ಕಳಿಸಿದ್ದೇನೆ, ನೋಡಿಕೋ. ನನಗೆ ಹೇಳಬೇಕಿರುವುದು ಸಮುದ್ರಕ್ಕೆ ಹೋಗುವ ದಾರಿಯ ಬಗ್ಗೆ.

ಹೋಗಿದ್ದು ನಮ್ಮ ಅಮಾನಿಕೆರೆ ವಾಕಿಂಗ್ ಗುಂಪೇ. ಹಿಂದೆ 206 ಅಂತಿದ್ದ ಹೆದ್ದಾರಿ ಹಿಡಿದು ತಿಪಟೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರ, ಅಲ್ಲಿಂದ ಗೋಕರ್ಣ. ಗಾಡಿಯಲ್ಲಿ ಹುರಿದ ಅವರೆಬೇಳೆ, ಹರಟೆ. ಗೇರುಸೊಪ್ಪೆ ಘಟ್ಟ ಇಳಿಯುತ್ತಿದ್ದಂತೆ ಬಿಚ್ಚಿದ ಸ್ವೆಟರನ್ನು ಮತ್ತೆ ಯಾರೂ ಹಾಕಲಿಲ್ಲ. ಅಲ್ಲಿ ಚಳಿಗಾಲ ಅನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ.

ಬೆಳಿಗ್ಗೆ ಬೇಗ ಗೋಕರ್ಣದ ಕುಡ್ಲೆ ಬೀಚಿನಿಂದ ನಡೆದು ಹೊರಟೆವು. ಓಂ ಬೀಚ್ ದಾಟಿದ ಮೇಲೆ ಮತ್ತೆ ಗುಡ್ಡ. ನೆಲವೆಲ್ಲ ಚಿರೇಕಲ್ಲು. ನಮ್ಮ ಮಧುಗಿರಿ ಬಂಡೆ ನೋಡಿದ ಕಣ್ಣಿಗೆ ಅದು ಕಲ್ಲು ಅಂತಲೇ ಅನ್ನಿಸಲ್ಲ. ತೂತು ತೂತು, ಕೆಂಪು. ಜೋರು ಮಳೆ ಬೀಳುವ ಕಡೆ ನೀರು ಕಲ್ಲಿನಲ್ಲಿ ಕರಗುವ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತೆ, ಕಬ್ಬಿಣದ ಅಂಶ ಉಳಿಯುತ್ತೆ, ಅದಕ್ಕೇ ಆ ಬಣ್ಣ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತೆ. ಅಲ್ಲಿ ಮನೆ, ಬಾವಿ, ಕಾಂಪೌಂಡು ಎಲ್ಲ ಅದರಲ್ಲೇ.

ಗುಡ್ಡದ ಆಚೆ ಇಳಿಜಾರಿನಲ್ಲಿ ಗೇರು ಮರಗಳು. ಆಗಷ್ಟೇ ಹೂ ಬಿಡ್ತಿದ್ದವು. ನಮ್ಮ ಗುಂಪಿನ ಟೀಚರಮ್ಮ ಜಾರಬಾರದು ಅಂತ ಒಂದು ಕೊಂಬೆ ಹಿಡಿದರು ನೋಡು, ಕೈತುಂಬ ಚಗಳಿ ಇರುವೆ! ಅವರು ಕುಣಿದಿದ್ದು ನೋಡಿ ನಗು ತಡೆಯೋಕಾಗಲಿಲ್ಲ, ಪಾಪ. ಆಮೇಲೆ ಎಲ್ಲರೂ ನಿಂತು ಗೂಡು ನೋಡಿದೆವು. ಹಸಿ ಎಲೆಗಳನ್ನೇ ಸೇರಿಸಿ ಮಾಡಿದ ಗೂಡು. ಒಂದು ಕಡೆ ಇನ್ನೂ ಕೆಲಸ ನಡೆದಿತ್ತು. ಒಂದಷ್ಟು ಇರುವೆಗಳು ಸಾಲಾಗಿ ಎರಡು ಎಲೆಯ ಅಂಚು ಎಳೆದು ಹಿಡಿದಿದ್ದವು. ಇನ್ನೊಂದಷ್ಟು ಬಾಯಲ್ಲಿ ತಮ್ಮ ಬಿಳಿ ಮರಿಹುಳು ಕಚ್ಚಿಕೊಂಡು, ಅಂಟಿನ ಟ್ಯೂಬ್ ಆಡಿಸಿದ ಹಾಗೆ ಆ ಅಂಚಿಂದ ಈ ಅಂಚಿಗೆ ಮುಟ್ಟಿಸುತ್ತಿದ್ದವು. ಹುಳುವಿನ ಬಾಯಿಂದ ಬರುವ ರೇಷ್ಮೆಯೇ ಹೊಲಿಗೆ ದಾರ. ಗೇರು ಬೆಳೆಗಾರರಿಗೆ ಈ ಇರುವೆಯಿಂದ ಲಾಭವೇ, ಚಿಗುರಿನ ರಸ ಹೀರುವ ಸೊಳ್ಳೆಯಂಥ ಕೀಟವನ್ನು ಹತ್ತಿರ ಬಿಡಲ್ಲ. ಮಲೆನಾಡಿನ ಕಡೆ ಇದರದ್ದೇ ಚಟ್ನಿ ಮಾಡ್ತಾರೆ. ಟೀಚರಮ್ಮ ಮಾತ್ರ ಆ ಮಾತು ಎತ್ತಬೇಡಿ ಅಂದ್ರು.

ಕೆಳಗೆ ಹಾಫ್ ಮೂನ್ ಬೀಚ್. ಚಿಕ್ಕದು, ಚೊಕ್ಕ. ಇಳಿತದ ಹೊತ್ತು, ಒದ್ದೆ ಮರಳಿನ ತುಂಬ ಸಾಸಿವೆಗಿಂತ ಸ್ವಲ್ಪ ದಪ್ಪ ಮರಳುಂಡೆಗಳು. ಪುಟಾಣಿ ಏಡಿಗಳು ಮರಳಲ್ಲಿರುವ ಆಹಾರ ತಿಂದು ಉಳಿದಿದ್ದನ್ನು ಉಂಡೆ ಮಾಡಿ ಬಿಸಾಕುತ್ತವೆ. ಉಬ್ಬರ ಬಂದರೆ ಎಲ್ಲ ಸಾಫ್.

ನೀರಿಗೆ ಮೊಣಕಾಲಿನವರೆಗೆ ಇಳಿದೆವು, ಅಷ್ಟೇ. ಕೆರೆಯಲ್ಲಿ ಈಜು ಕಲಿತ ಧೈರ್ಯ ಅಲ್ಲಿ ನಡೆಯಲ್ಲ. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳೆಯುತ್ತೆ. ನೀನು ಹೋದಾಗಲೂ ಇದು ನೆನಪಿರಲಿ.

ಮಂಡಿ ನೋವಿನವರು ಒಬ್ಬರಿದ್ದರು. ಅವರನ್ನೇ ಮುಂದೆ ಬಿಟ್ಟು ನಡೆದೆವು. ಅದಕ್ಕೇ ಇಷ್ಟೆಲ್ಲ ನೋಡೋಕೆ ಆಯ್ತು. ನಿನ್ನ ಅಪ್ಪನ ಜೊತೆ ಹೋಗಿದ್ದರೆ ಗೂಡೂ ಇಲ್ಲ, ಏಡಿಯೂ ಇಲ್ಲ, ಹೋದ ತಕ್ಷಣ ವಾಪಸ್ ಹೊರಡೋಣ ಅಂತಿದ್ದರು!

ಇನ್ನೊಂದ್ಸಲ ಹೋಗೋಣ ಅಂತಿದ್ದಾರೆ. ಶಿವರಾತ್ರಿಗೆ ಗೋಕರ್ಣದಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅದಕ್ಕೆ ಮೊದಲೇ ಆಗಬೇಕು. ರಜೆ ಸಿಗುತ್ತಾ ಕೇಳಿ ಹೇಳು, ನಿನ್ನ ಸೀಟೂ ಹಿಡಿದಿಡ್ತೇನೆ.

ನಿನ್ನ
ಅಮ್ಮ