ಅಜ್ಜಿಯ ಬುಟ್ಟಿ ಚಿತ್ತಾರ

ಪ್ರೀತಿಯ ಪುಟ್ಟಿ,

ಈ ಸಲ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊರುವ ಬುಟ್ಟಿಯ ಚಿತ್ತಾರ ನಾನೇ ಬರೀತೀನಿ, ಅಜ್ಜಿ ಬರೆದ ಹಾಗೇ ಬರೀಬೇಕು ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತೆ. ಅಜ್ಜಿಯ ಎಳೆ ಎಷ್ಟು ಸಣ್ಣ, ಎಷ್ಟು ನೆಟ್ಟಗೆ ಅಂತ ಊರೆಲ್ಲ ಹೊಗಳುತ್ತಿತ್ತು. ಆದರೆ ಅವಳ ಚಿತ್ತಾರದಲ್ಲಿ ಕೈಯಷ್ಟೇ ಕೆಲಸ ಕಾಲಿಗೂ ಇತ್ತು. ಮಣ್ಣು, ನಾರು, ಕಾಯಿ ಹುಡುಕಿಕೊಂಡು ಕಾಡು, ಹಿನ್ನೀರು ಅಂತ ಒಬ್ಬಳೇ ತಿರುಗುತ್ತಿದ್ದಳು. ಅರವತ್ತು ದಾಟಿದ ಮೇಲೂ ಜೀಪು ಬೇಡವೆಂದು ಕೊಡಚಾದ್ರಿಯನ್ನು ನಡೆದೇ ಹತ್ತಿದವಳು. ಹಾಗಾಗಿ ಸಾಮಾನು ಎಲ್ಲಿಂದ ಬರುತ್ತೆ ಅನ್ನುವುದನ್ನೇ ಮೊದಲು ಹೇಳುತ್ತೇನೆ.

ಕೆಮ್ಮಣ್ಣು. ಅಜ್ಜಿ ಹುಟ್ಟಿದ್ದು ಶರಾವತಿ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಆ ಊರು ಮುಳುಗಡೆಗೆ ಹೋಯಿತು. ಬೇಸಿಗೆ ಕೊನೆಯಲ್ಲಿ ನೀರು ಇಳಿದು ಹಳೇ ಮನೆಗಳ ಪಂಚಾಂಗದ ಕಲ್ಲು ಕಾಣುವ ಹೊತ್ತಿಗೆ ಅವಳು ಅಲ್ಲಿಗೆ ಹೋಗಿ, ಪಕ್ಕದ ದಿಬ್ಬದ ಧರೆಯಿಂದ ಒಂದು ಚೀಲ ಮಣ್ಣು ಕೆರೆದು ತರುತ್ತಿದ್ದಳು. ಅಲ್ಲಿನ ಕೆಸರು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ಹಸಿ, ಮೊಣಕಾಲವರೆಗೆ ಹುಗಿಯುತ್ತೆ. ಅಜ್ಜಿ ಬಿದಿರುಕೋಲು ಚುಚ್ಚಿ ನೋಡಿಯೇ ಹೆಜ್ಜೆ ಇಡುತ್ತಿದ್ದಳು. ಕೋಲು ಗೇಣಿಗಿಂತ ಆಳ ಇಳಿದರೆ ಸುತ್ತುದಾರಿ. ಮುಂದೆ ನೀನು ಹೋಗುವುದಾದರೆ ಜೊತೆಗೆ ಯಾರನ್ನಾದರೂ ಕರೆದುಕೋ. ಈ ವರ್ಷಕ್ಕೆ ಅಜ್ಜಿ ತಂದಿಟ್ಟ ಮಣ್ಣೇ ಡಬ್ಬಿಯಲ್ಲಿ ಉಳಿದಿದೆ, ಎರಡು ಸೇರಿನಷ್ಟು ಕಳಿಸಿದ್ದೇನೆ.

ಮಣ್ಣನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕು. ಬೆಳಿಗ್ಗೆ ಕಲಕಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು, ಮೇಲಿನ ಬಗ್ಗಡವನ್ನಷ್ಟೇ ಇನ್ನೊಂದು ಪಾತ್ರೆಗೆ ಬಗ್ಗಿಸಿಕೋ. ತಳದಲ್ಲಿ ಉಳಿಯುವುದು ಮರಳು. ಅದು ಬುಟ್ಟಿಗೆ ಬಂದರೆ ಎಳೆ ಹೋದಲ್ಲೆಲ್ಲ ತಡವರಿಸುತ್ತೆ.

ಬುಟ್ಟಿ ಎರಡು ಬೇಕು, ಒಂದು ದೊಡ್ಡದು, ಒಂದು ಚಿಕ್ಕದು. ಬಿದಿರಿನದ್ದೇ ಆಗಲಿ. ಮೊದಲು ಸಗಣಿ ಬಳಿಯಬೇಕು: ಅಂದಿನದೇ ಸಗಣಿ, ಹುಲ್ಲಿನ ನಾರು ಆರಿಸಿ ತೆಗೆದು, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹೆಣಿಗೆಯ ಸಂದಿಗಳಿಗೆ ಬೆರಳಿಂದ ಒತ್ತು. ಒಂದೇ ಸಲ ದಪ್ಪ ಬಳಿದರೆ ಒಣಗುವಾಗ ಸೀಳುತ್ತೆ. ತೆಳುವಾಗಿ ಎರಡು ಸಲ ಬಳಿ, ನೆರಳಲ್ಲಿ ಒಣಗಿಸು. ಪೂರ್ತಿ ಒಣಗದೆ ಕೆಮ್ಮಣ್ಣು ಮುಟ್ಟಬೇಡ. ಸಗಣಿ ಕಿತ್ತು ಬಂದು ಕೆಂಪಿನಲ್ಲಿ ಹಸಿರು ಮಚ್ಚೆ ಬೀಳುತ್ತೆ. ಕೆಮ್ಮಣ್ಣು ಒಣಗಿದ ಮೇಲೆ ಬೆರಳಾಡಿಸಿ ನೋಡು. ಬೆರಳು ಕೆಂಪಾದರೆ ಅದರ ಮೇಲೆ ಬಿಳಿ ನಿಲ್ಲುವುದಿಲ್ಲ, ಪುಡಿಯಾಗಿ ಉದುರುತ್ತೆ. ಆಗ ಉಳಿದ ಬಗ್ಗಡಕ್ಕೆ ಒಂದು ಸೌಟು ಅನ್ನದ ಗಂಜಿ ಬೆರೆಸಿ ಇನ್ನೊಂದು ಕೈ ಬಳಿ.

ಬಿಳಿಗೆ ಅರ್ಧ ಲೋಟ ಅಕ್ಕಿ ಸಾಕು. ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸು. ಹದ ನೋಡುವುದಕ್ಕೆ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು ಕೈ ಓರೆ ಮಾಡು. ಹನಿ ನಿಧಾನಕ್ಕೆ ಜಾರಬೇಕು, ಓಡಬಾರದು. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಹಸಿಯಿದ್ದಾಗ ಈ ಬಿಳಿ ಕಾಣುವುದೇ ಇಲ್ಲ, ಬರೀ ನೀರೆಳೆದಂತೆ ಇರುತ್ತೆ. ಸಾಲಲಿಲ್ಲವೆಂದು ಮೇಲೆ ಮತ್ತೊಂದು ಸಲ ಎಳೆದರೆ, ಒಣಗಿದಾಗ ಎಳೆ ದಪ್ಪವಾಗಿ, ಬಿರಿದು, ಚಕ್ಕೆ ಏಳುತ್ತೆ. ಒಂದು ಸಲ ಎಳೆ, ಕಾಯಿ. ಐದು ನಿಮಿಷದಲ್ಲಿ ತಾನಾಗಿ ಬೆಳ್ಳಗೆ ಮೂಡುತ್ತೆ. ಹಿಟ್ಟು ಮರುದಿನಕ್ಕೆ ಹುಳಿಯುತ್ತೆ, ದಿನಾ ಅಷ್ಟಷ್ಟೇ ರುಬ್ಬಿಕೋ.

ಕಪ್ಪಿಗೆ ಅದೇ ಅಕ್ಕಿಯನ್ನು ಇದ್ದಿಲಾಗುವವರೆಗೆ ಹುರಿದು ನೀರಲ್ಲಿ ಅರೆಯಬೇಕು (ಕಿಟಕಿ ತೆಗೆದಿಡು, ಹೊಗೆ ಜಾಸ್ತಿ). ಹಳದಿಗೆ ಗುರಿಗೆ ಕಾಯಿ. ಅದು ಸಿಟಿಯಲ್ಲಿ ಸಿಗದು. ಹಳದಿ ಇಲ್ಲದೆಯೂ ಬುಟ್ಟಿ ಆಗುತ್ತೆ, ಅಂಗಡಿ ಬಣ್ಣ ಮಾತ್ರ ಬೇಡ.

ಕುಂಚ ಪುಂಡಿ ನಾರಿನದು. ಬೆರಳುದ್ದದ ನಾರು ಎಂಟು ಹತ್ತು ಸೇರಿಸಿ ನಡುವೆ ದಾರ ಸುತ್ತಿ, ತುದಿಯನ್ನು ನೀರಲ್ಲಿ ನೆನೆಸಿ ಕಲ್ಲಿನಿಂದ ಮೆಲ್ಲಗೆ ಜಜ್ಜು. ಸಣ್ಣ ಎಳೆಗೆ ಎರಡು ಮೂರು ನಾರಿನ ಇನ್ನೊಂದು ಕುಂಚ ಬೇರೆ ಇರಲಿ. ಅಂಚಿನ ದಪ್ಪ ಕುಂಚದಲ್ಲೇ ಸಣ್ಣ ಎಳೆಗೆ ಇಳಿದರೆ ಹಿಟ್ಟು ಗುಡ್ಡೆ ಬೀಳುತ್ತೆ.

ಮಹಾನವಮಿ ಮುಗಿದ ಮೇಲೆ ಹುಣ್ಣಿಮೆಗೆ ಉಳಿಯುವುದು ಐದೇ ದಿನ. ಬಳಿದು ಒಣಗಿಸುವುದಕ್ಕೇ ಎರಡು ಹೋಗುತ್ತೆ. ಬರೆಯುವಾಗ ಬಾಯಂಚಿನಿಂದ ಶುರುಮಾಡು. ಬಾಯಿಯ ಸುತ್ತಳತೆಗೆ ದಾರ ಹಿಡಿದು, ಅದನ್ನು ನಾಲ್ಕಾಗಿ ಮಡಿಸಿ ನಾಲ್ಕು ಚುಕ್ಕಿ ಗುರುತು ಹಾಕು. ಇಲ್ಲದಿದ್ದರೆ ಸುತ್ತು ಬಂದು ಸೇರುವ ಜಾಗದಲ್ಲಿ ಅರ್ಧ ಹೂವು ಉಳಿದುಬಿಡುತ್ತೆ. ಅಂಚಿಗೆ ಜೋಗಿ ಜಡೆ ಅನ್ನುವ ವಿನ್ಯಾಸ, ಒಳಗೆ ಬತ್ತದ ಸಸಿ, ಎತ್ತು, ಏಣಿ, ಕೈ ಹಿಡಿದು ನಿಂತ ಜನ. ಕುಂಚವನ್ನು ನಿನ್ನ ಕಡೆಗೇ ಎಳೆದುಕೋ, ಆಚೆ ತಳ್ಳಬೇಡ. ಬುಟ್ಟಿಯನ್ನು ತೊಡೆಯ ಮೇಲಿಟ್ಟು ಅದನ್ನೇ ತಿರುಗಿಸು, ಮಣಿಕಟ್ಟು ತಿರುಗಿಸಬೇಡ. ಅಜ್ಜಿ ಒಂದು ಎಳೆ ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಎಳೆ ಮುಗಿದದ್ದು ಆ ಉಸಿರಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ಬರೆದ ಬುಟ್ಟಿಯನ್ನು ನೆಲದ ಮೇಲೆ ಇಡಬೇಡ. ಅಕ್ಕಿ ಹಿಟ್ಟು ಅಂದರೆ ಜಿರಳೆಗೂ ಇಲಿಗೂ ಹಬ್ಬ. ದಾರ ಕಟ್ಟಿ ನೇತುಹಾಕು.

ಹುಣ್ಣಿಮೆ ದಿನ ಇನ್ನೂ ಕತ್ತಲಿರುವಾಗ ಬುಟ್ಟಿಯಲ್ಲಿ ಸೊಪ್ಪು-ಕುಡಿಗಳನ್ನು ಬೇಯಿಸಿದ ಹಚ್ಚಂಬಲಿ, ಕಡುಬು ತುಂಬಿ ಗದ್ದೆಗೆ ಹೊರುತ್ತಾರಲ್ಲ, ಅದು ನಮ್ಮಲ್ಲಿ ಗಂಡಸರ ಕೆಲಸ. ಅಜ್ಜಿ ಮಾತ್ರ ತಾನು ಬರೆದ ಬುಟ್ಟಿಯನ್ನು ತಾನೇ ಹೊರುತ್ತಿದ್ದಳು. ಹಚ್ಚಂಬಲಿಗೆ ಗುಡ್ಡದ ಕುಡಿಗಳನ್ನು ಕಿತ್ತು ತಂದವಳೂ ಅವಳೇ. ನೀನೂ ಊರಿಗೆ ಬಂದು ಹೊರು, ಯಾರೂ ಬೇಡ ಅನ್ನುವುದಿಲ್ಲ.

ಕೊನೆಯದೊಂದು. ಚಿಕ್ಕ ಬುಟ್ಟಿಯಲ್ಲಿ ಬೇರೆಯವರು ಗಾಡಿ ಬರೆಯುವ ಜಾಗದಲ್ಲಿ ಅಜ್ಜಿ ಲಾಂಚ್ ಬರೆಯುತ್ತಿದ್ದಳು, ಸಿಗಂದೂರಿಗೆ ಹೊಳೆ ದಾಟಿಸುತ್ತಿದ್ದ ಲಾಂಚ್. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು, ಅದನ್ನು ಅವಳು ನೋಡಲಿಲ್ಲ. ಲಾಂಚಿಗೆ ಮೊದಲು ಕೆಳಗೊಂದು ಉದ್ದ ಎಳೆ, ಎರಡು ತುದಿಯಲ್ಲೂ ಮೇಲಕ್ಕೆ ಎತ್ತಿದ ಹಲಗೆಗಳಿಗೆ ಒಂದೊಂದು ಓರೆ ಎಳೆ, ನಡುವೆ ನಿಂತ ಜನಕ್ಕೆ ಏಳು ಸಣ್ಣ ಗೀಟು. ಏಳನೆಯದು ಉಳಿದವಕ್ಕಿಂತ ಸ್ವಲ್ಪ ಗಿಡ್ಡ, ತಲೆಯ ಮೇಲೆ ಒಂದು ಚುಕ್ಕಿ. ಆ ಚುಕ್ಕಿ ಮಣ್ಣಿನ ಚೀಲ.

ನಾರು, ಮಣ್ಣು ಎರಡನ್ನೂ ಸಾಗರದ ರಾತ್ರಿ ಬಸ್ಸಿಗೆ ಕೊಟ್ಟಿದ್ದೇನೆ, ಬೆಳಿಗ್ಗೆ ಹೋಗಿ ಇಸಕೋ.

ಅಮ್ಮ