ಫೋಟೋಗೆ ಸಿಗದ ಗುಲಾಬಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

"ಈಗೇನು ಬಿಡಿಸ್ತಾ ಇದ್ದೀಯ?" ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಏನೋ ಒಂದು ಹೇಳಿ ಮುಗಿಸಿದೆ. ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಬಣ್ಣ ಹಚ್ಚುವ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ. ನಿನ್ನ ಹೆಸರು ಹೇಳುವುದಿಲ್ಲ. ಕುದುರೆಯ ವಿಷಯವನ್ನೂ ಎತ್ತುವುದಿಲ್ಲ. ಧೈರ್ಯವಾಗಿ ಓದು.

ಮೊದಲು ಸುದ್ದಿ. ಜಲವರ್ಣ ಬಿಟ್ಟಿಲ್ಲ. ಕಾಗದ ಮಾತ್ರ ಬದಲಾಗಿದೆ. ಮರದ ತಿರುಳಿನ ಕಾಗದ ಬಿಟ್ಟು ಪೂರ್ತಿ ಹತ್ತಿಯ, 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದಕ್ಕೆ ಬಂದಿದ್ದೇನೆ. ಅದೇ ಬಣ್ಣ, ಅದೇ ಬ್ರಷ್, ಅದೇ ಕೈ, ಆದರೆ ಚಿತ್ರ ಬೇರೆಯೇ ಆಗುತ್ತದೆ. ಮರದ ಕಾಗದದ ಮೇಲೆ ನೀರು ಬೇಗ ಆರಿ, ಬೇಡದ ಕಡೆಯೆಲ್ಲ ಗಟ್ಟಿ ಅಂಚು ನಿಂತುಬಿಡುತ್ತಿತ್ತು. ಹತ್ತಿ ನೀರನ್ನು ಒಳಗೆ ಎಳೆದುಕೊಂಡು ತುಂಬ ಹೊತ್ತು ಹಿಡಿದಿಡುತ್ತದೆ. ಆಕಾಶಕ್ಕೆ ಒಂದು ಬಣ್ಣ ಹಚ್ಚಿ, ನಿಧಾನವಾಗಿ ಯೋಚನೆ ಮಾಡಿ, ಇನ್ನೊಂದು ಬಣ್ಣ ಬಿಡುವಷ್ಟು ಪುರುಸೊತ್ತು ಸಿಗುತ್ತದೆ. ಮೋಡ ಬಿಡಿಸುವಾಗ ನಾನು ಉಸಿರು ಬಿಗಿಹಿಡಿದು ಕೂರುತ್ತೇನೆ ಅಂತ ನೀನು ಹೇಳುತ್ತಿದ್ದೆ ನೋಡು, ಆ ಅಭ್ಯಾಸ ಹೋಗಿದೆ.

ಬಣ್ಣದ ಡಬ್ಬಿಯೂ ಚಿಕ್ಕದಾಗಿದೆ. ಕಪ್ಪು ಇಲ್ಲವೇ ಇಲ್ಲ. ಬೂದು ಬೇಕಾದರೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕಂದು ಬೆರೆಸುತ್ತೇನೆ. ಇದನ್ನು ಒಂದು ಸಲ ನನ್ನ ಪಕ್ಕ ಕೂತು ನೋಡಬೇಕು ನೀನು. ಒದ್ದೆ ಕಾಗದದ ಮೇಲೆ ಈ ಎರಡರ ಮಿಶ್ರಣ ಬಿಟ್ಟು ಕೈ ಹಿಂದೆ ತೆಗೆದುಕೊಂಡರೆ ಸಾಕು, ಮುಂದಿನದ್ದನ್ನು ನೀರೇ ಮಾಡುತ್ತದೆ. ನೀಲಿಯ ಕಣಗಳು ಕಾಗದದ ಸಣ್ಣ ಸಣ್ಣ ತಗ್ಗುಗಳಲ್ಲಿ ಹೋಗಿ ಕೂರುತ್ತವೆ. ಕಂದು ಅವುಗಳ ಸುತ್ತ ಹರಿದು ಅಂಚಿನ ಕಡೆ ಹೊರಡುತ್ತದೆ. ದೂರದಿಂದ ನೋಡಿದರೆ ಬೂದು. ಮೂಗು ತಾಗುವಷ್ಟು ಹತ್ತಿರ ಹೋದರೆ ಬೂದು ಎಲ್ಲೂ ಇಲ್ಲ, ನೀಲಿ ಚುಕ್ಕಿಗಳು ಮತ್ತು ಅವುಗಳ ನಡುವೆ ಕಂದು, ಅಷ್ಟೇ. ಈ ನೀಲಿಯನ್ನು ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಕಲ್ಲು ಪುಡಿ ಮಾಡಿ ತೆಗೆಯುತ್ತಿದ್ದರು. ದೊಡ್ಡ ಕಲಾವಿದರೂ ಅಳೆದು ತೂಗಿ ಬಳಸುತ್ತಿದ್ದ ಬಣ್ಣ. ಇದನ್ನು ಕಡಿಮೆ ಖರ್ಚಿನಲ್ಲಿ ತಯಾರಿಸಿದ್ದಕ್ಕೆ ಫ್ರಾನ್ಸಿನ ಗಿಮೆ ಎಂಬಾತನಿಗೆ 1828ರಲ್ಲಿ ಬಹುಮಾನ ಬಂತು. ಆಮೇಲೆ ತಾನೇ ನಮ್ಮಂಥ ಹವ್ಯಾಸಿಗಳ ಡಬ್ಬಿಗೂ ಅದು ಇಳಿದದ್ದು! ನನಗೆ ಗಿಮೆಯ ಮೇಲೆ ತುಂಬ ಪ್ರೀತಿ.

ಇನ್ನೊಂದು ಚಟ ಹಾಗೇ ಇದೆ. ಚಿತ್ರದ ಪಕ್ಕ ಒಂದು ಉದ್ದ ಕಾಗದದ ಪಟ್ಟಿ ಇಟ್ಟುಕೊಂಡು, ಪ್ರತಿ ಬಣ್ಣವನ್ನೂ ಮೊದಲು ಅದರ ಮೇಲೆ ಎಳೆದು ನೋಡುತ್ತೇನಲ್ಲ, ಆ ಪಟ್ಟಿಗಳನ್ನು ಎಸೆಯುವುದಿಲ್ಲ. ಒಂದು ಹಳೇ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ. ಅಲ್ಲಿ ಏನನ್ನೂ ಬಿಡಿಸುವ ಉದ್ದೇಶ ಇರುವುದಿಲ್ಲ, ಗೆರೆ ಸರಿಯಾಗಬೇಕು ಅನ್ನುವ ಒತ್ತಡವೂ ಇಲ್ಲ. ಯಾವುದೋ ಹಸಿರಿನ ಪಕ್ಕ ಯಾವುದೋ ನೇರಳೆ ಬಂದು ಬಿದ್ದಿರುತ್ತದೆ, ಎಷ್ಟು ಚಂದ ಅಂದರೆ, ಅದನ್ನು ನೋಡಿಕೊಂಡೇ ಹೊಸ ಚಿತ್ರ ಶುರುವಾಗುತ್ತದೆ.

ಈಗ ನಿನಗೆ ಕೊಟ್ಟ ಚಿತ್ರದ ವಿಷಯ. ಬೋಗನ್‌ವಿಲ್ಲ ಇರುವುದು. ಅದರಲ್ಲಿರುವ ಗುಲಾಬಿ ಬಣ್ಣಕ್ಕೆ ಒಪೆರಾ ಗುಲಾಬಿ ಅಂತ ಹೆಸರು. ಸಾಮಾನ್ಯವಾಗಿ ಅದರಲ್ಲಿ ಪಿಆರ್ 122 ಅನ್ನುವ ಮಜೆಂಟಾ ಪಿಗ್ಮೆಂಟ್ ಜೊತೆಗೆ ಹೊಳೆಯುವ ಒಂದು ಡೈ ಸೇರಿಸಿರುತ್ತಾರೆ. ಆ ಡೈ ಬೇರೆ ಬಣ್ಣದ ಬೆಳಕನ್ನೂ ಹೀರಿಕೊಂಡು ಗುಲಾಬಿಯಾಗಿ ವಾಪಸ್ ಬಿಡುತ್ತದೆ. ಅದಕ್ಕೇ ಕಾಗದದೊಳಗಿಂದ ಯಾರೋ ದೀಪ ಹಿಡಿದ ಹಾಗೆ ಕಾಣುವುದು. ಆದರೆ ಆ ಡೈ ಬೆಳಕಿಗೆ ನಿಲ್ಲುವುದಿಲ್ಲ. ನಾನು ಒಂದು ಪಟ್ಟಿಗೆ ಹಚ್ಚಿ, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಕಿಟಕಿಗೆ ಅಂಟಿಸಿ ಇಟ್ಟಿದ್ದೆ. ಮೊನ್ನೆ ರಟ್ಟು ತೆಗೆದೆ. ಮುಚ್ಚಿದ್ದ ಕಡೆ ಇನ್ನೂ ಉರಿಯುತ್ತಿತ್ತು. ತೆರೆದಿದ್ದ ಕಡೆ ಮಜೆಂಟಾ ಮಾತ್ರ ಉಳಿದಿತ್ತು. ತಣ್ಣಗಿನ, ಮರ್ಯಾದಸ್ಥ ಮಜೆಂಟಾ. ನಡುವೆ ಸ್ಕೇಲ್ ಇಟ್ಟು ಎಳೆದಂಥ ಒಂದು ಗೆರೆ.

ಇದು ದೊಡ್ಡವರಿಗೂ ಆಗಿದೆ. ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಬಿಡಿಸಿದ ತನ್ನ ಮಲಗುವ ಕೋಣೆಯ ಗೋಡೆಗಳನ್ನು ನಾವೆಲ್ಲ ನೀಲಿ ಅಂದುಕೊಂಡಿದ್ದೇವೆ. ಅವನು ಹಚ್ಚಿದ್ದು ನೇರಳೆ. ಅದರಲ್ಲಿದ್ದ ಕೆಂಪು ಮಾಸಿ ನೀಲಿ ಉಳಿಯಿತು.

ನಿನ್ನ ಚಿತ್ರಕ್ಕೆ ಆ ಗುಲಾಬಿ ಹಚ್ಚುವಾಗ ಅದು ಮಾಸುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಚ್ಚಿದೆ. ಪಿವಿ 19 ಅನ್ನುವ, ಬೆಳಕಿಗೆ ಗಟ್ಟಿಯಾಗಿ ನಿಲ್ಲುವ ಗುಲಾಬಿ ಬಣ್ಣವೂ ಡಬ್ಬಿಯಲ್ಲೇ ಇತ್ತು. ಆದರೆ ಆ ದಿನದ ಆ ಬಿಸಿಲಿಗೆ ಅದು ಸಾಲುತ್ತಿರಲಿಲ್ಲ. ಈಗ ಕೇಳಿದರೂ ಅದನ್ನೇ ಹಚ್ಚುತ್ತೇನೆ.

ನನ್ನನ್ನು ಕಾಡುತ್ತಿರುವುದು ಮಾಸುವ ವಿಷಯ ಅಲ್ಲ, ಬೇರೆ. ಆ ಗುಲಾಬಿಯ ಫೋಟೋ ತೆಗೆಯಲು ಆಗುವುದಿಲ್ಲ. ಎಷ್ಟು ಕಷ್ಟಪಟ್ಟರೂ ಸಿಗಲ್ಲ. ನಾವು ನೋಡುವ ಹೆಚ್ಚಿನ ಪರದೆಗಳು ಪಾಲಿಸುವ, ಯಾವ್ಯಾವ ಬಣ್ಣ ತೋರಿಸಬಹುದು ಅಂತ ಹೇಳುವ ಎಸ್‌ಆರ್‌ಜಿಬಿ ಅಳತೆ 1996ರದ್ದು, ಅದರ ಬಣ್ಣಗಳ ಬೇಲಿಯ ಆಚೆ ಇದೆ ಈ ಗುಲಾಬಿ. ತುಂಬ ತಿಳಿಯಾದ ಬಣ್ಣಗಳ ಕಥೆಯೂ ಬೇರೆ ಥರ ಅದೇ. ಕ್ಯಾಮೆರಾ ತನ್ನಷ್ಟಕ್ಕೆ ಬಿಟ್ಟರೆ ಎಲ್ಲವನ್ನೂ ಮಧ್ಯಮ ಬೂದು ಅಂದುಕೊಂಡು ಬೆಳಕು ಅಳೆಯುತ್ತದೆ, ಹಾಗಾಗಿ ಬಿಳಿ ಕಾಗದ ಮಂಕಾಗಿ ಬರುತ್ತದೆ. ಕಾಗದ ಬಿಳಿಯಾಗಲಿ ಅಂತ ನಾವು ಬೆಳಕು ಏರಿಸುತ್ತೇವೆ. ಆಗ ತೆಳ್ಳಗೆ ಹಚ್ಚಿದ ಹಳದಿ, ಮಂಜಿನ ನೀಲಿ, ಕೆನ್ನೆಯ ಪಕ್ಕದ ಆ ಒಂಚೂರು ನೆರಳು, ಎಲ್ಲ ಕಾಗದದ ಜೊತೆ ಬಿಳಿಯಾಗಿ ಹೋಗುತ್ತವೆ.

ಇಷ್ಟು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಈಚೆಗೆ ಕಂಡಿತು. ಕಪಾಟು ಖಾಲಿ ಮಾಡುವಾಗ ಹಳೇ ಚಿತ್ರಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡಿದೆ, ಹಳೆಯವು ಆ ಕಡೆ, ಹೊಸವು ಈ ಕಡೆ. ಹಳೆಯವೆಲ್ಲ ಅಡ್ಡ ಚಿತ್ರಗಳು. ಅಗಲವಾದ ಬಯಲು, ದೂರದ ಗುಡ್ಡ, ಅರ್ಧಕ್ಕಿಂತ ಜಾಸ್ತಿ ಆಕಾಶ. ಗುಡ್ಡಗಳು ಎಷ್ಟು ತಿಳಿ ಅಂದರೆ ಕಣ್ಣು ಕಿರಿದು ಮಾಡಿ ಹುಡುಕಬೇಕು. ಹೊಸವೆಲ್ಲ ಉದ್ದ ಚಿತ್ರಗಳು. ಫೋನನ್ನು ಕೈಯಲ್ಲಿ ಹಿಡಿದರೆ ಹೇಗಿರುತ್ತದೋ ಹಾಗೆ. ಕಡು ಬಣ್ಣಗಳು, ಚೂಪಾದ ನೆರಳು, ನಡುವೆ ಒಂದೇ ಒಂದು ವಸ್ತು. ಹೆಬ್ಬೆರಳಿನಷ್ಟು ಚಿಕ್ಕದಾಗಿ ನೋಡಿದರೂ ಗೊತ್ತಾಗಬೇಕು, ಹಾಗೆ. ಒಂದರಲ್ಲೂ ಮಂಜಿಲ್ಲ. ಆ ಗುಲಾಬಿಯಂತೂ ನಿನ್ನ ಚಿತ್ರದ ನಂತರ ಎಲ್ಲೂ ಇಲ್ಲ.

ಹೀಗೆ ಮಾಡು ಅಂತ ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೂತು ನಿರ್ಧಾರ ಮಾಡಿದ್ದಲ್ಲ. ಫೋನಿನಲ್ಲಿ ನೋಡಿ ಜನ ಮೆಚ್ಚಿದ ಚಿತ್ರದ ಕಡೆ ಕೈ ತಾನಾಗೇ ವಾಲಿದೆ, ಒಂದೊಂದು ಚಿತ್ರಕ್ಕೆ ಒಂದೊಂದು ಕೂದಲೆಳೆಯಷ್ಟು. ನೆಲದ ಮೇಲೆ ಹರಡಿದಾಗ ಮಾತ್ರ ಎಷ್ಟು ದೂರ ಬಂದಿದ್ದೇನೆ ಅಂತ ಕಂಡದ್ದು. ಹೊಸ ಚಿತ್ರಗಳು ಕೆಟ್ಟವಲ್ಲ ಕಣೋ. ಕೆಲವು ನಿಜವಾಗಿಯೂ ಚೆನ್ನಾಗಿವೆ, ಕೈ ಪಳಗಿದ್ದು ಗೊತ್ತಾಗುತ್ತದೆ. ಆದರೆ ಆ ದೂರದ ಗುಡ್ಡ ಬಿಡಿಸುತ್ತಿದ್ದವರು ಯಾರು, ಅವರು ಎಲ್ಲಿಗೆ ಹೋದರು ಅಂತ ಅನಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ. ಇನ್ನೊಂದು ಹೇಳುತ್ತೇನೆ.

ಅದಾದ ಮೇಲೆ ಅಮ್ಮನ ಕೈ ಬಿಡಿಸಿದೆ. ಸೂಜಿಗೆ ದಾರ ಪೋಣಿಸುವಾಗಿನ ಕೈ. ಈಗ ಅವರು ಸೂಜಿಯನ್ನು ಕಿಟಕಿಯ ಕಡೆ ಎತ್ತಿ ಹಿಡಿಯುತ್ತಾರೆ, ದಾರದ ತುದಿಯನ್ನು ತುಟಿಯಿಂದ ಒದ್ದೆ ಮಾಡಿ, ಎರಡು ಬೆರಳ ನಡುವೆ ಹೊಸೆದು, ಒಂದು ಕ್ಷಣ ಹಾಗೇ ನಿಲ್ಲಿಸಿ ಆಮೇಲೆ ತೂರಿಸುತ್ತಾರೆ. ಆ ನಿಲ್ಲಿಸುವ ಕ್ಷಣ ನನಗೆ ಬೇಕಿತ್ತು. ಬೆರಳಿನ ಗಂಟುಗಳ ಮೇಲೆ ಚರ್ಮ ತೆಳ್ಳಗಾಗಿದೆ, ಅಲ್ಲಿ ಬೆಳಕು ಸ್ವಲ್ಪ ಒಳಗೆ ಹೋಗಿ ಬರುತ್ತದೆ. ಅದನ್ನು ಹಿಡಿಯಲು ನೀರಿನಂಥ ಬಣ್ಣ ಒಂದರ ಮೇಲೊಂದು ಹಚ್ಚಿದೆ, ಪ್ರತಿಯೊಂದೂ ಪೂರ್ತಿ ಆರುವವರೆಗೆ ಕಾದು. ಹತ್ತಿ ಕಾಗದ ಆಗಿದ್ದರಿಂದ ಕೆಳಗಿನ ಪದರ ಕದಡಲಿಲ್ಲ. ಗೆಳೆಯಾ, ಕೈ ಬಂತು. ಬೆರಳುಗಳನ್ನು ಇಷ್ಟು ನಿಜವಾಗಿ ನಾನು ಯಾವತ್ತೂ ಬಿಡಿಸಿಲ್ಲ.

ಮುಗಿದ ಕೂಡಲೇ ಫೋನ್ ಎತ್ತಿ ನೋಡಿದೆ. ಪರದೆಯಲ್ಲಿ ಗಂಟುಗಳ ಮೇಲಿನ ಆ ಬೆಳಕು ಇಲ್ಲ, ಬಿಳೀ ಕಾಗದದ ಮೇಲೆ ಎರಡು ಮಂಕು ಆಕಾರ, ಅಷ್ಟೇ. ನೆರಳು ಗಾಢ ಮಾಡಿದರೆ ಫೋಟೋದಲ್ಲಿ ಬರುತ್ತದೆ ಅಂತ ಬ್ರಷ್‌ಗೆ ಕಡು ಕಂದು ತುಂಬಿಕೊಂಡೆ. ತುದಿ ಕಾಗದಕ್ಕೆ ಇನ್ನೇನು ತಾಗಬೇಕು, ಅಮ್ಮ ಬಗ್ಗಿ ನೋಡಿ "ನನ್ನ ಕೈನೇ ಇದು" ಅಂದರು. ಬ್ರಷ್ ಕೆಳಗಿಟ್ಟೆ.

ಚಿತ್ರ ಹಾಗೇ ಉಳಿಯಿತು. ಯಾರಿಗೂ ತೋರಿಸಿಲ್ಲ. ಆದರೆ ನಿನಗೆ ಹೇಳಬೇಕಾದದ್ದು ಬೇರೆ ಇದೆ. ಯಾರ ಕೈಯೋ ಅವರೇ ನೋಡಿ ಒಪ್ಪಿಕೊಂಡರು, ಇದಕ್ಕಿಂತ ಏನು ಬೇಕು? ಆದರೂ ನನಗೆ ಸಾಕಾಗಲಿಲ್ಲ. ರಾತ್ರಿ ಮಲಗುವ ತನಕ ಏನೋ ಬಾಕಿ ಉಳಿದಿದೆ ಅನಿಸುತ್ತಿತ್ತು. ನಾಲ್ಕು ಜನ ಗುರುತಿಲ್ಲದವರು ಚೆನ್ನಾಗಿದೆ ಅನ್ನುವವರೆಗೆ ಆ ಚಿತ್ರ ನನ್ನೊಳಗೆ ಮುಗಿದೇ ಇಲ್ಲ. ಅಮ್ಮ ಪಕ್ಕದಲ್ಲೇ ಇದ್ದರು, ಹೊಲಿಗೆ ಹಾಕುತ್ತಿದ್ದರು, ನಾನು ಬೇರೆ ಯಾರಿಗೋ ಕಾಯುತ್ತಿದ್ದೆ. ಇದನ್ನು ನೆನೆದಾಗಲೆಲ್ಲ ನೋವಾಗುತ್ತದೆ.

ಅಯ್ಯೋ, ಎಲ್ಲಿಂದ ಎಲ್ಲಿಗೋ ಬಂದೆ. ಬಿಡು. ಪ್ಲಾನ್‌ಗಳನ್ನು ಹೇಳುತ್ತೇನೆ, ಖುಷಿಯ ವಿಷಯ ಅದು.

ಒಂದು, ಅಡ್ಡ ಕಾಗದಕ್ಕೆ ವಾಪಸ್. ಹಾಳೆಯನ್ನು ಅಡ್ಡ ಇಟ್ಟು ಟೇಪ್ ಹಚ್ಚಿ ಆಗಿದೆ, ಮೊದಲ ಗುಡ್ಡ ಕಾಯುತ್ತಿದೆ. ಒಂದು ಸ್ಕೆಚ್ ಪುಸ್ತಕವನ್ನು ಫೋಟೋ ತೆಗೆಯದೆ ಇಡಬೇಕು ಅಂತಲೂ ಇದೆ, ನೋಡಬೇಕು ಅನ್ನುವವರು ಮನೆಗೇ ಬರಬೇಕು. ಮುಖಗಳನ್ನು ಕಾಗದ ನೋಡದೆ ಬಿಡಿಸುವ ಆಟವನ್ನೂ ಮತ್ತೆ ಶುರು ಮಾಡಿದ್ದೇನೆ. ಎರಡು ಮೂಗಿನ ಮಾಸ್ತರರ ಕಾಲದ ಆಟ, ನೆನಪಿದೆ ಅಲ್ವಾ?

ಇನ್ನು ಜಾಸ್ತಿ ಉತ್ಸಾಹ ಇರುವುದು ಸಯನೋಟೈಪ್ ಬಗ್ಗೆ, ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ವಿಧಾನ ಅದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಕಬ್ಬಿಣದ ಎರಡು ಲವಣಗಳ ದ್ರಾವಣ ಕಾಗದಕ್ಕೆ ಹಚ್ಚಿ, ಕತ್ತಲಲ್ಲಿ ಆರಿಸಿ, ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿಯುವುದು, ಆಮೇಲೆ ಬರೀ ನೀರಿನಲ್ಲಿ ತೊಳೆಯುವುದು. ಬಿಸಿಲು ಬಿದ್ದ ಕಡೆ ಪ್ರಶ್ಯನ್ ನೀಲಿ, ಎಲೆ ಇದ್ದ ಕಡೆ ಬಿಳಿ. ಆನಾ ಆಟ್ಕಿನ್ಸ್ ಅನ್ನುವ ಹೆಣ್ಣುಮಗಳು ಮರುವರ್ಷವೇ ಹೀಗೆ ಸಮುದ್ರದ ಪಾಚಿಗಳ ಪುಸ್ತಕ ಶುರು ಮಾಡಿದರು. ನನಗೆ ಇಷ್ಟವಾದದ್ದು ಅದರ ಇನ್ನೊಂದು ಗುಣ. ಬೆಳಕಿಗೆ ಮಾಸಿದ ಸಯನೋಟೈಪನ್ನು ಕತ್ತಲಲ್ಲಿ ಇಟ್ಟರೆ ಹೋದ ನೀಲಿ ಬಹುಮಟ್ಟಿಗೆ ವಾಪಸ್ ಬರುತ್ತದೆ. ಆ ಹಾಳೆಗಳ ಮೇಲೆ ಜಲವರ್ಣ ಹಚ್ಚಿದರೆ ಹೇಗೆ ಅಂತ ಪಟ್ಟಿಗಳ ಮೇಲೆ ನೋಡುತ್ತಿದ್ದೇನೆ. ತಿಳಿ ಹಳದಿ ಬಿದ್ದ ಕಡೆ ಎಲೆಯ ಬಿಳಿ ಜಾಗ ಬಿಸಿಲು ಕುಡಿದ ಹಾಗಾಗುತ್ತದೆ. ಪಟ್ಟಿ ನಿನಗೇ ಅಂಚೆಯಲ್ಲಿ ಬರುತ್ತದೆ, ಇಲ್ಲಿ ಹಾಕುವುದಿಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ಆ ಬೋಗನ್‌ವಿಲ್ಲ ಈಗ ಯಾವ ಬಣ್ಣ ಇದೆ, ಹಗಲು ಬೆಳಕಿನಲ್ಲಿ ನೋಡಿ ಬರೆದು ತಿಳಿಸು. ಫೋಟೋ ಕಳಿಸಬೇಡ. ಮಾಸಿದ್ದರೆ ಮಾಸಿದೆ ಅಂತಲೇ ಹೇಳು, ಬಿಸಿಲಿನ ಗೋಡೆಯಿಂದ ತೆಗೆಯಬೇಕೋ ಬೇಡವೋ ನಿನಗೆ ಬಿಟ್ಟದ್ದು. ಅದು ಹೊಸದಾಗಿದ್ದಾಗ ಹೇಗಿತ್ತು ಅಂತ ನೋಡಿದವರು ನಾವಿಬ್ಬರೇ.

ಮತ್ತೆ, ನನ್ನ 8ನೇ ನಂಬರ್ ಬ್ರಷ್ ನಿನ್ನ ಹತ್ತಿರ ಇದೆ ಅಂತ ನನಗೆ ಗೊತ್ತು. ಇಟ್ಟುಕೋ. ತೊಳೆದ ಮೇಲೆ ಕೂದಲು ಮೇಲೆ ಮಾಡಿ ನಿಲ್ಲಿಸಬೇಡ, ನೀರು ತಗಡಿನೊಳಗೆ ಇಳಿದು ಅಂಟು ಬಿಡುತ್ತದೆ. ಅಡ್ಡ ಮಲಗಿಸಿ ಒಣಗಿಸು.

ನಿನ್ನ,
ಮೋಡದ ಕಾಂಟ್ರಾಕ್ಟರ್