ಆ ಪೆನ್ಸಿಲ್ ಗೆರೆಗಳಿಗೆ ನಮಸ್ಕಾರ

ಕ್ರೀಡಾ ಮನೋವಿಜ್ಞಾನದ ಪ್ರಮಾಣಪತ್ರ ಕಳೆದ ವಾರ ಕೈಸೇರಿತು. ಅದಕ್ಕೆ ಬೇಕಿದ್ದ 400 ಗಂಟೆಗಳ ಅಭ್ಯಾಸವನ್ನು ಮಾರ್ಗದರ್ಶಕರ ಕಣ್ಣಳತೆಯಲ್ಲಿ ಮುಗಿಸಲು ನನಗೆ 3 ವರ್ಷ ಹಿಡಿಯಿತು. ಅಭಿನಂದಿಸಿದ ಎಲ್ಲರಿಗೂ ವಂದನೆಗಳು. ಕೆಲವರ ಋಣವನ್ನು ಮಾತ್ರ ಬಿಡಿಸಿ ಹೇಳಬೇಕು.

ಮೊದಲು ನನ್ನ ಮಾರ್ಗದರ್ಶಕಿ. ಆಟಗಾರರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಮಾತುಕತೆಗಳನ್ನು ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು. ನಾನು ಬಾಯಿ ತೆರೆದಾಗಲೆಲ್ಲ ಹಾಳೆಯ ಮೇಲೊಂದು ಪೆನ್ಸಿಲ್ ಗೆರೆ. ಮೊದಲ ದಿನವೇ ಹಾಳೆ ತುಂಬಿತು. "ಆ ಹುಡುಗ ಎರಡು ಸಲ ಮೊಣಕಾಲಿನ ವಿಷಯ ತೆಗೆದ. ಎರಡು ಸಲವೂ ನೀವು ಗುರಿ ನಿಗದಿಯ ಪಾಠ ಮಾಡಿದಿರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯವರು ಒಬ್ಬ ಬಿಲ್ಲುಗಾರ್ತಿ (ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ). ಸರದಿಯಂತೆ ಬಾಣ ಬಿಡುವ ಪಂದ್ಯದಲ್ಲಿ ಒಂದು ಬಾಣಕ್ಕೆ ಸಿಗುವುದು 20 ಸೆಕೆಂಡು. ನಾನು ಹೊಸೆದುಕೊಟ್ಟ ಉಸಿರಾಟ, ಕಲ್ಪನೆ, ಸ್ವಗತಗಳ ಪಟ್ಟಿ ಅದರಲ್ಲಿ 15 ಸೆಕೆಂಡು ನುಂಗುತ್ತಿತ್ತು. "ಸರ್, ನಿಮ್ಮ ಪಟ್ಟಿ ಒಪ್ಪಿಸುವ ಭರದಲ್ಲಿ ಬಾಣ ಬಿಡುವುದೇ ಮರೆತುಹೋಯಿತು" ಎಂದರು. ಸೋತವರು ಅವರು, ನಕ್ಕವರೂ ಅವರೇ. ಈಗ ಒಂದು ಉಸಿರು, ಒಂದು ಪದ, ಅಷ್ಟೇ. ಆ ಪದ ಹುಡುಕಿಕೊಂಡವರೂ ಅವರೇ.

1938ರಲ್ಲಿ ಕೋಲ್ಮನ್ ಗ್ರಿಫಿತ್ ಚಿಕಾಗೊ ಕಬ್ಸ್ ಬೇಸ್‌ಬಾಲ್ ತಂಡಕ್ಕೆ ಮನೋವಿಜ್ಞಾನಿಯಾಗಿ ಹೋದಾಗ ಅಲ್ಲಿನ ಮ್ಯಾನೇಜರ್ ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ನನಗೂ ಅದೇ ಗತಿ ಎಂದುಕೊಂಡಿದ್ದೆ. ನಮ್ಮ ಕೋಚ್ ಮೊದಲ ತಿಂಗಳಿಡೀ ನನ್ನಿಂದ ಬಾಣ ಕೀಳಿಸಿದರು. ಒಳಗೊಳಗೇ ಕುದಿಯುತ್ತಿದ್ದೆ. ಗುರಿಹಲಗೆಗೆ ಹೋಗಿಬರುವ ಆ 70 ಮೀಟರ್ ನಡಿಗೆಯಲ್ಲೇ ಆಟಗಾರರು ಮನಸ್ಸು ಬಿಚ್ಚುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ. ನನ್ನ ಕೊಠಡಿಯ ಕುರ್ಚಿಗೆ ಆ ಯೋಗ ಬರಲೇ ಇಲ್ಲ.

ಊಟ ಬಿಟ್ಟು ತೂಕ ಇಳಿಸುತ್ತಿದ್ದ ಒಬ್ಬರನ್ನು ಮನೋವೈದ್ಯರ ಬಳಿಗೆ ಕಳುಹಿಸಿದ ದಿನ ನನ್ನ ಕೈಲಾಗದೆಂದು ಒಪ್ಪಿಕೊಂಡಂತಾಗಿ ಕುಗ್ಗಿದ್ದೆ. ವೈದ್ಯರು ತಾವಾಗಿಯೇ ಫೋನ್ ಮಾಡಿ, "ಸರಿಯಾದ ಹೊತ್ತಿಗೆ ಕಳುಹಿಸಿದಿರಿ" ಎಂದರು. ಅವರಿಗೂ ವಂದನೆ.

ಮೇಡಂ, ಕೊನೆಯ ಧ್ವನಿಮುದ್ರಣಕ್ಕೆ ನೀವು ಹಾಕಿದ್ದು 11 ಗೆರೆ. ಅದರಲ್ಲೂ 4 ಬೇಕಿರಲಿಲ್ಲವೆಂದು ಸುತ್ತು ಹಾಕಿದ್ದೀರಿ. ಮೂರನ್ನು ಒಪ್ಪುತ್ತೇನೆ. ನಾಲ್ಕನೆಯದರ ಬಗ್ಗೆ ನನ್ನ ತಕರಾರಿದೆ. ಸಿಕ್ಕಾಗ ಮಾತಾಡೋಣ.